ತಲೆಗೊಂದು ಚಮಚ ಅಕ್ಕಿ

ಕಡಲ ದಡದ ನಮ್ಮೂರು ಡೊಲ್ಗೇಪೊದ ಚರ್ಚಿನ ಬಾಗಿಲ ಪಕ್ಕದ ಗೋಡೆಯಲ್ಲಿ ಮೂವತ್ತೊಂದು ಮೊಳೆಗಳಿದ್ದವು. ಒಂದೊಂದು ಮೊಳೆಯ ಕೆಳಗೆ ಒಂದೊಂದು ಮನೆಯ ಹೆಸರು. ಭಾನುವಾರ ಬೆಳಿಗ್ಗೆ ಹೆಂಗಸರು ಬಂದು ತಮ್ಮ ಮನೆಯ ಮೀಸಲಕ್ಕಿಯ ಚೀಲವನ್ನು ಅಲ್ಲಿ ತೂಗುಹಾಕಿ, ಚಪ್ಪಲಿ ಕಳಚಿಟ್ಟು ಒಳಗೆ ಹೋಗುತ್ತಿದ್ದರು. ಆರಾಧನೆ ಮುಗಿದ ಮೇಲೆ ಚೀಲಗಳನ್ನು ಇಳಿಸಿ, ಹಿಂದಿನ ಕೋಣೆಯ ಮರದ ಪೆಟ್ಟಿಗೆಗೆ ಸುರಿದು, ಖಾಲಿ ಚೀಲಗಳನ್ನು ಮತ್ತೆ ಅದದೇ ಮೊಳೆಗೆ ಹಾಕುವ ಕೆಲಸ ನನ್ನದು. ಇಪ್ಪತ್ತೇಳು ವರ್ಷ ಮಾಡಿದೆ. ಬೇರೆಯವರ ಕೈ ತಾಗಲು ಬಿಟ್ಟವಳಲ್ಲ.

ಮೀಸಲಕ್ಕಿ ಅಂದರೆ ದೊಡ್ಡ ವಿಷಯವೇನಲ್ಲ. ಬೆಳಿಗ್ಗೆ ಅನ್ನಕ್ಕಿಡುವಾಗ, ಅಕ್ಕಿ ತೊಳೆಯುವ ಮೊದಲು, ಮನೆಯಲ್ಲಿರುವ ಒಬ್ಬೊಬ್ಬರ ಹೆಸರನ್ನೂ ಕರ್ತನಿಗೆ ಹೇಳಿ ತಲೆಗೊಂದು ಚಮಚ ಅಕ್ಕಿಯನ್ನು ಚೀಲಕ್ಕೆ ಹಾಕಬೇಕು. ಅಷ್ಟೇ. ಆ ಅಕ್ಕಿಯಿಂದ ಪಾದ್ರಿಯ ಮನೆಯವರು ಉಣ್ಣುತ್ತಿದ್ದರು, ಊರಲ್ಲಿ ಗತಿಯಿಲ್ಲದವರೂ ಉಣ್ಣುತ್ತಿದ್ದರು. ಬೆಳಗಿನ ನಾಲ್ಕೂವರೆಗೆ ಗಂಟೆ ಹೊಡೆದರೆ ಮುಂಜಾನೆಯ ಪ್ರಾರ್ಥನೆ, ಅಲ್ಲಿಂದ ಬಂದರೆ ಚಮಚದ ಅಕ್ಕಿ, ಸಮುದ್ರ ಇಳಿದ ಮೇಲೆ ಕೆಸರಲ್ಲಿ ಮಂಡಿಯೂರಿ ಕಪ್ಪೆಚಿಪ್ಪು ಅಗೆಯುವಾಗ ಕೀರ್ತನೆ. ದೇವರು ಭಾನುವಾರಕ್ಕೆ ಮಾತ್ರ ಸೇರಿದವನು ಅಂತ ನಮ್ಮೂರಲ್ಲಿ ಯಾರಾದರೂ ಅಂದಿದ್ದರೆ ಅವರಿಗೆ ಜ್ವರ ಬಂದಿದೆಯೇನೋ ಅಂತ ಹಣೆ ಮುಟ್ಟಿ ನೋಡುತ್ತಿದ್ದೆವು.

ಪ್ರಾರ್ಥನೆಯಲ್ಲಿ ಗಟ್ಟಿ ಅನ್ನಿಸಿಕೊಂಡ ಹಿರಿಯ ಹೆಂಗಸರಿಗೆ ನಮ್ಮ ಚರ್ಚಿನಲ್ಲಿ ಕ್ವೊನ್ಸಾ ಅಂತ ಪದವಿ ಕೊಡುತ್ತಾರೆ. ನನಗೆ ಐವತ್ತು ತುಂಬುತ್ತಿದ್ದಂತೆ ಕೊಟ್ಟರು. ಅದರ ಜಂಬ ನನಗಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಆಗ ಯಾರಾದರೂ ಅಂದಿದ್ದರೆ ತೋಳೇರಿಸಿ ಜಗಳಕ್ಕೆ ನಿಲ್ಲುತ್ತಿದ್ದೆ.

ಅಷ್ಟು ವರ್ಷ ಚೀಲ ಎತ್ತಿ ಎತ್ತಿ ನನ್ನ ಕೈಗೆ ತೂಕ ಕೂತುಬಿಟ್ಟಿತ್ತು. ಚೀಲ ಎತ್ತಿದ ಕೂಡಲೇ ಈ ಮನೆಯಲ್ಲಿ ಈ ವಾರ ಎಷ್ಟು ಜನ ಅಂತ ಗೊತ್ತಾಗುತ್ತಿತ್ತು. ಯಾರ ಮಗಳು ತವರಿಗೆ ಬಂದಿದ್ದಾಳೆ, ಯಾರ ಮಗ ಸೈನ್ಯಕ್ಕೆ ಹೋದ, ಎಲ್ಲ. ಹೀಗಿರುವಾಗ ಒಂದು ವರ್ಷ ಪಕ್ಕದ ಮನೆಯ ಜೊಮ್‌ರೆಯ ಚೀಲ ಹಗುರವಾಯಿತು. ನಾಲ್ಕು ಜನರ ಮನೆ, ಮೂರು ಜನರ ತೂಕ. ಒಂದು ವಾರ ಸುಮ್ಮನಿದ್ದೆ. ಎರಡನೇ ವಾರವೂ ಸುಮ್ಮನಿದ್ದೆ. ಮೂರನೇ ವಾರ ಬಾಯಿ ತಡೆಯಲಿಲ್ಲ.

"ಏನೇ ಜೊಮ್‌ರೆ, ದೇವರಿಗೆ ಕೊಡೋ ಅಕ್ಕಿಲೂ ಕೈ ಬಿಗಿ ಹಿಡೀತೀಯಾ?"

"ಅಯ್ಯೋ ಅಕ್ಕಾ, ಹಾಗನ್ಬೇಡಿ. ದಿನಾ ನಾಲ್ಕು ಚಮಚ ಹಾಕ್ತೀನಿ. ಬೈಬಲ್ ಮುಟ್ಟಿ ಹೇಳಲಾ?"

"ಬೈಬಲ್ ಯಾಕೆ ಮುಟ್ತೀಯ, ಚಮಚ ಸರಿಯಾಗಿ ಮುಟ್ಟು ಸಾಕು," ಅಂದೆ. ಅವಳು ಅತ್ತುಬಿಟ್ಟಳು.

ನಾಲ್ಕನೇ ಭಾನುವಾರ ಬರುವ ಮೊದಲೇ ಅವಳ ಗಂಡನ ದೋಣಿ ಮಗುಚಿತು.

ಆಮೇಲೆ ನಮ್ಮ ಚರ್ಚಿನ ಹಿರಿಯರಾದ ಹೋ ಅವರ ಮನೆಯ ಚೀಲ. ಮೂರು ಭಾನುವಾರ ಒಬ್ಬರ ಪಾಲು ಕಡಿಮೆ, ನಾಲ್ಕನೆಯದರೊಳಗೆ ಅವರ ತಾಯಿ ಹೋದರು. ಆಮೇಲೆ ಬಾವಿಕಟ್ಟೆ ಮನೆಯದು. ಅಲ್ಲಿ ಹೋದದ್ದು ಇಪ್ಪತ್ತು ದಿನದ ಕೂಸು. ಆಗ ಇದ್ದ ಹಳೇ ಪಾದ್ರಿಯ ಹತ್ತಿರ ನಾನು ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ದುರುಗುಟ್ಟಿ ನೋಡಿದರು. "ಕ್ವೊನ್ಸಾ ಅಮ್ಮಾ, ಇದು ಕರ್ತನ ಮನೆ. ಗೆಜ್ಜೆ ಅಲ್ಲಾಡಿಸಿ ಕಣಿ ಹೇಳೋ ಗುಡಿಸಲಲ್ಲ. ಇನ್ನೊಂದು ಸಾರಿ ಈ ಮಾತು ಬಾಯಲ್ಲಿ ಬಂದ್ರೆ ಪೆಟ್ಟಿಗೆ ಬೀಗದ ಕೈ ವಾಪಸ್ ಕೊಟ್ಬಿಡಿ." ಬೀಗದ ಕೈ ನನ್ನ ಸೊಂಟದಲ್ಲಿತ್ತು. ಅದನ್ನು ಕೊಡಲು ಮನಸ್ಸಾಗಲಿಲ್ಲ. ಬಾಯಿ ಮುಚ್ಚಿಕೊಂಡೆ.

ನಾನು ಹೇಳಬೇಕಾದದ್ದು ಸೋಲ್‌ನಲ್ಲಿ ಒಲಿಂಪಿಕ್ಸ್ ನಡೆದ ಮರುವರ್ಷದ ವಸಂತದ ಕತೆ. ಮನೆಯಲ್ಲಿ ಮೂವರಿದ್ದೆವು. ನಾನು, ನನ್ನ ಗಂಡ ಸಾಂಗ್‌ಡೂ, ಮೊಮ್ಮಗಳು ಬೊರಾಮ್. ಮಗ ಗಿಚೊಲ್ ಟ್ಯೂನಾ ಹಿಡಿಯುವ ಹಡಗಲ್ಲಿ ಯಾವುದೋ ಸಮುದ್ರದಲ್ಲಿದ್ದ. ಸೊಸೆ ಬೇರೆ ಮದುವೆಯಾಗಿ ಹೋಗಿದ್ದಳು. ಅವಳ ಮೇಲೆ ನನಗೆ ಕೋಪವಿಲ್ಲ ಅಂತ ದಿನಾ ಮುಂಜಾನೆ ದೇವರಿಗೆ ಹೇಳಿ ಬರುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಕೋಪ ವಾಪಸು ಬಂದಿರುತ್ತಿತ್ತು. ಬೊರಾಮ್‌ಗೆ ಎಂಟು ವರ್ಷ. ಮುಂದಿನ ಎರಡು ಹಲ್ಲು ಬಿದ್ದು, ನಕ್ಕರೆ ಗುಹೆ ಕಾಣಿಸುತ್ತಿತ್ತು.

ಸಾಂಗ್‌ಡೂ ನಲವತ್ತು ವರ್ಷದಲ್ಲಿ ಒಂದು ದಿನವೂ ಚರ್ಚಿನ ಹೊಸ್ತಿಲು ದಾಟಿದವರಲ್ಲ. ಹಾಗಂತ ನನ್ನನ್ನು ತಡೆದವರೂ ಅಲ್ಲ. ಮುಂಜಾನೆ ಗಂಟೆ ಹೊಡೆದರೆ ನನಗಿಂತ ಮೊದಲು ಎದ್ದು ಟಾರ್ಚು ಹಿಡಿದು ಕಡಲ ಏರಿಯ ಮೇಲೆ ಚರ್ಚಿನ ಬಾಗಿಲವರೆಗೆ ಬಿಟ್ಟು ಬರುತ್ತಿದ್ದರು. "ಪಾಪ, ನಿನ್ನ ದೇವರಿಗೆ ಬೆಳಗಿನ ಜಾವದ ನಿದ್ದೆನೂ ಕೊಡಲ್ಲ ನೀವು. ನಾನಾಗಿದ್ರೆ ಊರು ಬಿಟ್ಟು ಓಡ್ತಿದ್ದೆ," ಅನ್ನುತ್ತಿದ್ದರು. ವಸಂತದಲ್ಲಿ ಅವರ ಕೆಲಸ ಶಂಖದ ಚಿಪ್ಪು ಪೋಣಿಸುವುದು. ಉದ್ದ ಹಗ್ಗಕ್ಕೆ ನೂರಾರು ಖಾಲಿ ಚಿಪ್ಪು ಕಟ್ಟಿ ಸಮುದ್ರಕ್ಕೆ ಇಳಿಬಿಟ್ಟರೆ ಮರಿ ಆಕ್ಟೋಪಸ್‌ಗಳು ಮನೆ ಸಿಕ್ಕಿತು ಅಂತ ಬಂದು ಒಳಗೆ ಕೂರುತ್ತವೆ. ಅಂಗಳದ ತುಂಬ ಚಿಪ್ಪು, ಹಗ್ಗ, ಅವರ ಸಿಗರೇಟು ತುಂಡು.

ಆ ವಸಂತದ ಒಂದು ಭಾನುವಾರ ಎಲ್ಲರ ಚೀಲ ಸುರಿದು ಕೊನೆಗೆ ನಮ್ಮ ಮನೆಯದನ್ನು ಎತ್ತಿದೆ. ಎತ್ತಿದವಳು ಹಾಗೇ ನಿಂತೆ.

ಹಗುರ.

ಮನೆಯಿಂದ ಚಮಚ ತಂದು ಅಳೆದೆ. ದಿನಕ್ಕೆ ಮೂರು, ಸೋಮವಾರದಿಂದ ಶನಿವಾರದವರೆಗೆ ಆರು ದಿನಕ್ಕೆ ಹದಿನೆಂಟು ಇರಬೇಕು. ಹನ್ನೆರಡು ಇತ್ತು. ಮತ್ತೆ ಅಳೆದೆ. ಹನ್ನೆರಡೇ. ಚೀಲವನ್ನು ಒಳಗಿಂದ ಹೊರಗೆ ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಸೂಜಿಯ ತೂತೂ ಇರಲಿಲ್ಲ. ಹೊರಗೆ ಬೊರಾಮ್ ಯಾರ ಜೊತೆಗೋ ಕುಂಟಾಬಿಲ್ಲೆ ಆಡುತ್ತಾ ಕೂಗಾಡುತ್ತಿದ್ದಳು. ಅಲ್ಲೇ ಪೆಟ್ಟಿಗೆಯ ಪಕ್ಕ ಕೂತುಬಿಟ್ಟೆ.

ಇಲಿ ಇರಬಹುದು, ಮಗು ತೆಗೆದು ಗುಬ್ಬಚ್ಚಿಗೆ ಹಾಕಿರಬಹುದು ಅಂತ ಮನಸ್ಸಿಗೆ ಸಮಾಧಾನ ಹೇಳಿದೆ. ಸಮಾಧಾನವಾಗಲಿಲ್ಲ. ಮೂವರಲ್ಲಿ ಯಾರು? ಅದೊಂದೇ ತಲೆಯಲ್ಲಿ. ಅರವತ್ತಾರಾದ ಗಂಡನೋ, ಅರವತ್ತಮೂರಾದ ನಾನೋ ಆಗಿದ್ದರೆ, ಸರಿ, ಸಾಯುವ ವಯಸ್ಸೇ. ಆದರೆ ಮೂರನೆಯ ಹೆಸರು ಬರುವ ಮೊದಲೇ ಲೆಕ್ಕ ನಿಲ್ಲಿಸಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆ.

ಆಗ ನಾನು ಮಾಡಬಾರದ್ದನ್ನು ಮಾಡಿದೆ. ದೇವರನ್ನು ಪರೀಕ್ಷಿಸಬೇಡ ಅಂತ ಸಣ್ಣ ಮಕ್ಕಳಿಗೆ ನಾನೇ ಪಾಠ ಹೇಳಿದವಳು. ಸೋಮವಾರದಿಂದ ಮೂರು ಧಾನ್ಯ ತೆಗೆದುಕೊಂಡೆ. ಬಿಳಿ ಅಕ್ಕಿ ಚಮಚಕ್ಕೆ ನನ್ನ ಹೆಸರು. ಕಪ್ಪಕ್ಕಿ ಚಮಚಕ್ಕೆ ಗಂಡನ ಹೆಸರು. ನವಣೆ ಚಮಚಕ್ಕೆ ಬೊರಾಮ್ ಹೆಸರು. ಚೀಲವನ್ನು ಮುಚ್ಚಳವಿರುವ ಬಿಸ್ಕತ್ ಡಬ್ಬಿಯಲ್ಲಿಟ್ಟು ಅದರ ಮೇಲೆ ರುಬ್ಬುವ ಗುಂಡು ಇಟ್ಟೆ. ಶನಿವಾರ ಸಂಜೆ ಅಳೆದೆ. ಆರು, ಆರು, ಆರು. ಚೀಲದ ಬಾಯಿಗೆ ಕಂಬಳಿ ಹೊಲಿಯುವ ದಾರದಿಂದ ಹೊಲಿಗೆ ಹಾಕಿದೆ.

ಭಾನುವಾರ ಬೆಳಿಗ್ಗೆ ಚೀಲವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ನಡೆದೆ. ಬಿಸಿಲು ಚೆನ್ನಾಗಿತ್ತು. ಏರಿಯ ಎಡಕ್ಕೆ ಕೆಸರು ಹೊಳೆಯುತ್ತಿತ್ತು, ಬಲಕ್ಕೆ ಬಾರ್ಲಿ ಪೈರು. ಬೊರಾಮ್ ಮುಂದೆ ಕುಣಿಯುತ್ತಾ ಹೋಗುತ್ತಿದ್ದಳು. ಹೊಲದ ನೀರನ್ನು ಸಮುದ್ರಕ್ಕೆ ಬಿಡುವ ತೂಬಿನ ಹತ್ತಿರ ದಾರಿ ತಿರುಗುತ್ತದೆ. ಅಲ್ಲಿ ಚೀಲ ಹಗುರವಾಯಿತು.

ಏನೂ ಬೀಳಲಿಲ್ಲ. ಗಾಳಿಯೂ ಇರಲಿಲ್ಲ. ಭಾರದ ಕೊಡ ಎತ್ತುವಾಗ ಇನ್ನೊಬ್ಬರು ಬಂದು ಆ ಕಡೆ ಕೈ ಕೊಟ್ಟರೆ ಹೇಗಿರುತ್ತದೆ, ಹಾಗಿತ್ತು. ಅಷ್ಟು ಮೃದುವಾಗಿ. ಅದೇ ನನ್ನನ್ನು ಹೆದರಿಸಿದ್ದು. ಕಿತ್ತುಕೊಂಡಿದ್ದರೆ ಕಿರುಚಬಹುದಿತ್ತು.

ಆ ದಿನ ಆರಾಧನೆಯಲ್ಲಿ ಏನು ಹಾಡಿದೆವೋ, ಪಾದ್ರಿ ಏನು ಹೇಳಿದರೋ, ಒಂದೂ ಕಿವಿಗೆ ಬೀಳಲಿಲ್ಲ. ಎಲ್ಲರೂ ಹೋದ ಮೇಲೆ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡೆ. ಹೊಲಿಗೆ ನಾನು ಹಾಕಿದಂತೆಯೇ ಇತ್ತು. ಹಲ್ಲಿನಿಂದ ದಾರ ಕಚ್ಚಿ ಕಿತ್ತು, ಬಿಳಿ ಬಟ್ಟೆಯ ಮೇಲೆ ಸುರಿದೆ. ಬಿಳಿ ಅಕ್ಕಿ. ಕಪ್ಪಕ್ಕಿ. ನವಣೆ ಇಲ್ಲ. ನವಣೆ ಎಷ್ಟು ಸಣ್ಣ ಕಾಳು ಅಂತ ಅಡಿಗೆ ಮಾಡಿದವರಿಗೆ ಗೊತ್ತು. ಚೀಲ ಎಷ್ಟು ಕೊಡವಿದರೂ ಹೊಲಿಗೆಯ ಮೂಲೆಯಲ್ಲಿ ಹತ್ತಿಪ್ಪತ್ತು ಸಿಕ್ಕಿಕೊಂಡೇ ಇರುತ್ತವೆ. ಉಗುರು ಹಾಕಿ ಕೆರೆದೆ. ಒಂದೇ ಒಂದು ಕಾಳೂ ಇರಲಿಲ್ಲ.

ಎರಡು ಭಾನುವಾರ ಆಗಿತ್ತು. ಇನ್ನೊಂದು ಭಾನುವಾರ ಬರುತ್ತದೆ. ಅದರ ಮುಂದಿನದನ್ನು ಬೊರಾಮ್ ನೋಡುವುದಿಲ್ಲ.

ಸೋಮವಾರ ಅವಳನ್ನು ಶಾಲೆಗೆ ಕಳಿಸಲಿಲ್ಲ. ಬಾವಿಯ ಹತ್ತಿರ ಹೋಗಬಾರದು, ಒಲೆಯ ಹತ್ತಿರ ಬರಬಾರದು, ಕೆಸರಿಗೆ ಇಳಿಯಬಾರದು, ಮೀನಿನ ಮುಳ್ಳು ನಾನೇ ಬಿಡಿಸಿ ಕೊಡುತ್ತೇನೆ ಅಂದೆ. "ಅಜ್ಜಿ, ನಂಗೇನೂ ಆಗಿಲ್ಲ! ಇವತ್ತು ಚಿತ್ರ ಬಿಡಿಸೋ ಕ್ಲಾಸು!" ಅಂತ ನೆಲಕ್ಕೆ ಕಾಲು ಬಡಿದಳು. ರಾತ್ರಿ ಅವಳ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಮಲಗಿದೆ. ಉಸಿರು ಸ್ವಲ್ಪ ನಿಧಾನವಾದರೆ ಎಬ್ಬಿಸಿಬಿಡುತ್ತಿದ್ದೆ.

ಆ ಸೋಮವಾರ ಬೆಳಿಗ್ಗೆಯೂ ಚಮಚ ಎತ್ತಿದೆ. ಬಿಳಿ ಅಕ್ಕಿ, ನನ್ನ ಹೆಸರು. ಕಪ್ಪಕ್ಕಿ, ಗಂಡನ ಹೆಸರು. ನವಣೆ ಚಮಚದಲ್ಲಿ ತುಂಬಿ ಹಿಡಿದಾಗ ಕೈ ಗಾಳಿಯಲ್ಲಿ ನಿಂತಿತು. ಸುಮಾರು ಹೊತ್ತು ನಿಂತಿತು. ಆಮೇಲೆ "ಬೊರಾಮ್" ಅಂತ ಹೇಳಿ ಹಾಕಿದೆ. ಮಂಗಳವಾರವೂ ಹಾಗೇ ಆಯಿತು.

ಮಂಗಳವಾರ ಊಟದ ಹೊತ್ತಿಗೆ ಸಾಂಗ್‌ಡೂ ಚಮಚ ಕೆಳಗಿಟ್ಟರು.

"ಗಿಚೊಲನ ಅವ್ವ, ಏನಾಗಿದೆ ನಿಂಗೆ? ಮಗೂನ ಕಟ್ಟಿಹಾಕಿದೀಯ. ಎರಡು ದಿನದಿಂದ ನೀನು ಉಂಡಿಲ್ಲ. ನಿಮ್ಮ ಪಾದ್ರಿ ಏನಾದ್ರೂ ಹೊಸ ಉಪವಾಸ ಕಂಡುಹಿಡಿದ್ರಾ?"

"ನಿಮಗೆ ಹೇಳಿದ್ರೆ ನಗ್ತೀರಿ."

"ನಗೋ ವಿಷಯ ಆದ್ರೆ ನಗ್ತೀನಿ. ಹೇಳು."

ಹೇಳಿದೆ. ಜೊಮ್‌ರೆಯ ಚೀಲದಿಂದ ಹಿಡಿದು ತೂಬಿನವರೆಗೆ ಎಲ್ಲ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಎದ್ದು ಅಂಗಳಕ್ಕೆ ಹೋಗಿ ಒಂದು ಸಿಗರೇಟು ಪೂರ್ತಿ ಸೇದಿ ಬಂದು ಜಗಲಿಯ ಮೇಲೆ ಕೂತರು.

"ನವಣೆ ಅಂದ್ರೆ ಬೊರಾಮ್ ಅಂತ ಅವನಿಗೆ ಯಾರು ಹೇಳಿದ್ದು?"

"ಯಾರಿಗೆ?"

"ಅವನಿಗೇ. ನಿನ್ನ ಕರ್ತನಿಗೆ."

"ನಾನೇ. ಹಾಕುವಾಗ ಹೆಸರು ಹೇಳ್ತೀನಲ್ಲ."

"ಬೇರೆ ಹೆಸರು ಹೇಳಿದ್ರೆ?"

ನಾನು ಊಟದ ಬಟ್ಟಲುಗಳನ್ನು ಎತ್ತಿಡತೊಡಗಿದೆ.

"ಸರಿ, ನಾಳೆಯಿಂದ ನಾನು ಹಾಕ್ತೀನಿ. ಈ ಎರಡು ದಿನದ್ದು ಸುರಿದುಬಿಡು, ಅದು ಲೆಕ್ಕಕ್ಕಿಲ್ಲ. ಮೊದಲಿಂದ ಶುರು ಮಾಡೋಣ," ಅಂದರು, ಹಗ್ಗದ ಗಂಟು ತಪ್ಪಾದಾಗ ಅನ್ನುವಂತೆ.

ಬುಧವಾರ ಮುಂಜಾನೆ ಪ್ರಾರ್ಥನೆಯಿಂದ ನಾನು ಬರುವಷ್ಟರಲ್ಲಿ ಅವರು ಗಡ್ಡ ಬೋಳಿಸಿ, ಹಿರಿಯರ ಪೂಜೆಗೆ ಉಡುವ ಬಿಳಿ ಬಟ್ಟೆ ಉಟ್ಟು ಅಡಿಗೆಮನೆಯಲ್ಲಿ ನಿಂತಿದ್ದರು. ಅಕ್ಕಿ ಡಬ್ಬಿಯ ಮುಂದೆ ಎರಡು ಸಾರಿ ನೆಲಕ್ಕೆ ಹಣೆ ಹಚ್ಚಿ ಅಡ್ಡಬಿದ್ದರು.

"ಅಯ್ಯಯ್ಯೋ, ಏನ್ರೀ ಇದು! ಅಕ್ಕಿಗೆ ಅಡ್ಡಬೀಳಬಾರದು! ನಮ್ಮಲ್ಲಿ ಹಾಗಿಲ್ಲ!"

"ಮತ್ತೆ ಅವನು ಯಾವ ಕಡೆ ಕೂತಿರ್ತಾನೆ? ಆ ಕಡೆ ತಿರುಗಿ ಮಾಡ್ತೀನಿ, ಹೇಳು."

"ಎಲ್ಲ ಕಡೆನೂ ಇರ್ತಾನೆ."

"ಹಾಗಿದ್ರೆ ಇಲ್ಲೂ ಇದ್ದಾನೆ. ಸುಮ್ನಿರು."

ಬಿಳಿ ಅಕ್ಕಿ ಚಮಚ ಎತ್ತಿ ನನ್ನ ಹೆಸರು ಹೇಳಿದರು. ಮದುವೆಯಾದ ಮೇಲೆ ಅವರ ಬಾಯಲ್ಲಿ ನನ್ನ ಸ್ವಂತ ಹೆಸರು ಕೇಳಿದ್ದು ಅದೇ ಮೊದಲು. ನಾನು ಒಲೆಯ ಕಡೆ ಮುಖ ತಿರುಗಿಸಿಕೊಂಡೆ. ಕಪ್ಪಕ್ಕಿ ಚಮಚ ಎತ್ತಿ, "ಇದು ಬೊರಾಮ್," ಅಂದರು. ಆಮೇಲೆ ನವಣೆ. ಚಮಚವನ್ನು ಗೋಪುರವಾಗುವಂತೆ ತುಂಬಿದರು, ಒಂದು ಕಾಳು ನೆಲಕ್ಕೆ ಬೀಳದ ಹಾಗೆ ಎಡಗೈ ಕೆಳಗೆ ಹಿಡಿದರು.

"ಇದು ಮ್ಯಾಂಗ್ ಸಾಂಗ್‌ಡೂ," ಅಂದರು. "ನನ್ನ ಧ್ವನಿ ನೀನು ಕೇಳಿಲ್ಲ, ಅದಕ್ಕೇ ಜೋರಾಗಿ ಹೇಳ್ತಿದೀನಿ. ಮೀನು ಹಿಡಿಯೋನು, ಚಿಪ್ಪು ಪೋಣಿಸೋನು, ತೆಂಕಣ ಮನೆ ಸಾಂಗ್‌ಡೂ. ಈ ಕಾಳು ನನ್ನದು. ತಪ್ಪು ಮಾಡ್ಕೋಬೇಡ." ನನ್ನ ಕಡೆ ತಿರುಗಿ, "ಕೊನೆಗೆ ಏನೋ ಅಂತೀರಲ್ಲ ನೀವು, ಏನದು?" ಅಂದರು.

"ಆಮೆನ್."

"ಹಾಂ, ಅದೇ. ಆಮೆನ್."

ಗುರುವಾರ, ಶುಕ್ರವಾರ, ಶನಿವಾರ ಹಾಗೇ ಮಾಡಿದರು. ಒಂದು ದಿನವೂ ಬಟ್ಟೆ ಬದಲಿಸದೆ, ಗಡ್ಡ ಬೋಳಿಸದೆ ಚಮಚ ಮುಟ್ಟಲಿಲ್ಲ. ಗುರುವಾರ ಬೊರಾಮ್‌ಳನ್ನು ತಾವೇ ಶಾಲೆಗೆ ಬಿಟ್ಟು ಬಂದರು. ನಾನು ಬೇಡ ಅಂದಿದ್ದಕ್ಕೆ, "ಕೊಟ್ಟ ಮೇಲೆ ಮುಗೀತು. ಕೊಟ್ಟೂ ಹೆದರಿಕೊಂಡು ಕೂತ್ರೆ ಅವನಿಗೆ ಅವಮಾನ ಅಲ್ವಾ?" ಅಂದರು. ನಲವತ್ತು ವರ್ಷದ ನನ್ನ ಪ್ರಾರ್ಥನೆಯಲ್ಲಿ ನನಗೆ ಆ ಮಾತು ಹೊಳೆದಿರಲಿಲ್ಲ. ನನಗೆ ಸಿಟ್ಟೇ ಬಂತು. ನಿನ್ನೆ ಮೊನ್ನೆ ಬಂದವರು ನನಗೆ ಹೇಳಿಕೊಡುವುದೇ ಅಂತ.

ಮೂರನೇ ಭಾನುವಾರ ಚೀಲವನ್ನು ತಾವೇ ಹಿಡಿದುಕೊಂಡರು. ಬೊರಾಮ್ ಮುಂದೆ, ಅವರು ನಡುವೆ, ನಾನು ಹಿಂದೆ. ಸಮುದ್ರ ತುಂಬಿತ್ತು, ಅಲೆಯ ಸದ್ದೂ ಇರಲಿಲ್ಲ. ನಾನು ಅವರ ಬೆನ್ನನ್ನೇ ನೋಡುತ್ತಿದ್ದೆ. ತೂಬಿನ ತಿರುವಿನಲ್ಲಿ ಅವರು ನಿಂತರು. ಕೈಯಲ್ಲಿದ್ದ ಚೀಲವನ್ನು ಒಂದು ಸಾರಿ ಮೇಲೆ ಕೆಳಗೆ ಆಡಿಸಿ ನೋಡಿದರು.

"ಓಹ್," ಅಂದರು. "ಹಗುರಾಯ್ತು ನೋಡು."

ಮುಖದಲ್ಲಿ ನಗು. ಹುಡುಗರು ಪಂದ್ಯ ಗೆದ್ದಾಗ ನಗುತ್ತಾರಲ್ಲ, ಆ ನಗು. ನನಗೆ ಅಲ್ಲೇ ಅವರ ಕಾಲು ಹಿಡಿದು ಕೂರಬೇಕು ಅನ್ನಿಸಿತು. ಕೂರಲಿಲ್ಲ. ಆರಾಧನೆಗೆ ಹೊತ್ತಾಗುತ್ತಿತ್ತು.

ಚರ್ಚಿನ ಬಾಗಿಲಲ್ಲಿ ಚೀಲವನ್ನು ನಮ್ಮ ಮೊಳೆಗೆ ತೂಗುಹಾಕಿ ನಿಂತರು. "ಒಳಗೆ ಬನ್ನಿ," ಅಂದೆ. ನಿಜವಾಗಿ ಬೇಡಿಕೊಂಡೆ. ಅವರು ತಮ್ಮ ರಬ್ಬರ್ ಬೂಟು ನೋಡಿಕೊಂಡು, "ಬಿಚ್ಚಿದ್ರೆ ನಿಮ್ಮ ಹಿರಿಯರೆಲ್ಲ ಎದ್ದು ಓಡ್ತಾರೆ. ಮುಂದಿನ ಸಾರಿ ತೊಳ್ಕೊಂಡು ಬರ್ತೀನಿ," ಅಂತ ಹೇಳಿ ಹೊರಟರು. ಆರಾಧನೆ ಮುಗಿದ ಮೇಲೆ ಸುರಿದು ನೋಡಿದೆ. ಬಿಳಿ ಅಕ್ಕಿ, ಕಪ್ಪಕ್ಕಿ. ನವಣೆ ಇರಲಿಲ್ಲ.

ಮನೆಗೆ ಬಂದಾಗ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆಕ್ಟೋಪಸ್ ಖಾರವಾಗಿ ಬಾಡಿಸಿ ಬಡಿಸಿದೆ. ಎರಡು ಸಾರಿ ಹಾಕಿಸಿಕೊಂಡು ಉಂಡರು.

ಸೋಮವಾರ, ಮಂಗಳವಾರ, ಬುಧವಾರ. ಮೂರೂ ದಿನ ಸಮುದ್ರಕ್ಕೆ ಹೋಗಿ ಬಂದರು. ನಾನು ಮುಂಜಾನೆ ಹೋಗಿ ಎಲ್ಲರ ಜೊತೆ ಗಟ್ಟಿಯಾಗಿ ಕೂಗಿ ಕೂಗಿ ಪ್ರಾರ್ಥಿಸಿದೆ. ನಮ್ಮಲ್ಲಿ ಎಲ್ಲರೂ ಒಟ್ಟಿಗೆ, ಒಬ್ಬೊಬ್ಬರು ತಮ್ಮ ತಮ್ಮದನ್ನು ಕೂಗಿ ಹೇಳಿಕೊಳ್ಳುವ ಪದ್ಧತಿ. ಅದರಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಗುರುವಾರ ಮಧ್ಯಾಹ್ನ ಊಟಕ್ಕೆ ಕರೆಯಲು ಅಂಗಳಕ್ಕೆ ಹೋದೆ. ಚಿಪ್ಪಿನ ರಾಶಿಗೆ ಒರಗಿ ಕೂತಿದ್ದರು. ತೊಡೆಯ ಮೇಲೆ ಹಗ್ಗ, ಕೈಯಲ್ಲಿ ಅರ್ಧ ಗಂಟು ಹಾಕಿದ ಚಿಪ್ಪು. "ಏಳ್ರೀ, ಸಾರು ಆರುತ್ತೆ," ಅಂದೆ. ಭುಜ ಮುಟ್ಟಿದ ಮೇಲೆ ಗೊತ್ತಾಯಿತು.

ಸಂಜೆಗೆ ಮನೆ ತುಂಬ ಜನ. ಅವರನ್ನು ಒಳಗಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಹಿರಿಯ ಹೋ ಅವರು ಜಗಲಿಯಲ್ಲಿ ಗಂಟಲು ಸರಿಮಾಡಿಕೊಂಡು, "ದೀಕ್ಷಾಸ್ನಾನ ಆಗಿಲ್ಲ. ಒಂದು ದಿನ ಆರಾಧನೆಗೆ ಬಂದವರಲ್ಲ. ಚರ್ಚಿನ ಕಡೆಯಿಂದ ಅಂತ್ಯಕ್ರಿಯೆ ಹೇಗೆ ಮಾಡೋದು?" ಅಂದರು. ಹೊಸ ಪಾದ್ರಿ ಹ್ವಾಂಗ್ ಇನ್ನೂ ಚಿಕ್ಕ ಪ್ರಾಯದವರು, ಒಳ್ಳೆ ಮನುಷ್ಯ. ನನ್ನ ಎದುರು ಮಂಡಿಯೂರಿ ಕೂತು ಮೆತ್ತಗೆ ಕೇಳಿದರು.

"ಕ್ವೊನ್ಸಾ ಅಮ್ಮಾ, ಕೊನೇ ದಿನಗಳಲ್ಲಿ ಅವರು ಕರ್ತನನ್ನ ಕರೆದಿದ್ರಾ? ಒಂದೇ ಒಂದು ಸಾರಿಯಾದ್ರೂ?"

"ನಾಲ್ಕು ದಿನ," ಅಂದೆ. "ಅವರೇ ಕೈಯಾರೆ ಮೀಸಲಕ್ಕಿ ಹಾಕಿದ್ರು. ಆಮೆನ್ ಅಂದ್ರು."

ಮನೆಯೆಲ್ಲ ಒಮ್ಮೆಲೇ ಗುಜುಗುಜು ಅಂತು. "ಹಲ್ಲೆಲೂಯ!" ಅಂದರು ಯಾರೋ. ಜೊಮ್‌ರೆ ನನ್ನ ಎರಡೂ ಕೈ ಹಿಡಿದು ಅಳುತ್ತಾ, "ಅಕ್ಕಾ, ನಿಮ್ಮ ನಲವತ್ತು ವರ್ಷದ ಪ್ರಾರ್ಥನೆ! ನಿಮ್ಮ ಪ್ರಾರ್ಥನೆನೇ ಅವರನ್ನ ಎಳ್ಕೊಂಡು ಬಂತು!" ಅಂದಳು. ಹೆಂಗಸರೆಲ್ಲ ಹೌದು ಹೌದು ಅಂದರು. ಹಿರಿಯ ಹೋ ಅವರೂ ತಲೆದೂಗಿದರು. ಆ ಹೊಗಳಿಕೆ ಎಷ್ಟು ಬೆಚ್ಚಗಿತ್ತು ಅಂದರೆ, ಗಂಡನ ಹೆಣ ಒಳಗಿರುವಾಗಲೂ ಒಂದು ಕ್ಷಣ ನಾನು ಅದರಲ್ಲಿ ಕೂತೆ. ಥೂ ನನ್ನ ಜನ್ಮವೇ.

ಜೊಮ್‌ರೆಯ ಕೈಯಿಂದ ನನ್ನ ಕೈ ಬಿಡಿಸಿಕೊಂಡೆ.

"ನನ್ನ ಪ್ರಾರ್ಥನೆ ಏನೂ ಮಾಡಿಲ್ಲ ಕಣೇ," ಅಂದೆ. "ಆ ಚಮಚ ಅವರಿಗಿಂತ ಮೊದಲು ನನ್ನ ಕೈಲೇ ಇತ್ತು."

ಎಲ್ಲ ಹೇಳಿದೆ. ಚೀಲ ಹಗುರವಾಗುವುದು, ಜೊಮ್‌ರೆಯ ಗಂಡನ ವಿಷಯ, ನವಣೆ. ಜೊಮ್‌ರೆ ಎರಡು ಹೆಜ್ಜೆ ಹಿಂದೆ ಸರಿದಳು. ಪಾದ್ರಿ ನನ್ನನ್ನು ತಡೆಯಲು ಕೈಯೆತ್ತಿದರು, ನಾನು ನಿಲ್ಲಲಿಲ್ಲ. "ಸೋಮವಾರ ಬೆಳಿಗ್ಗೆ ನವಣೆ ಎತ್ತಿ ಹಿಡಿದಾಗಲೇ ನಂಗೆ ಹೊಳೀತು ಅಯ್ಯನವರೇ. ನನ್ನ ಹೆಸರು ಹೇಳಿದ್ರೆ ಸಾಕು ಅಂತ ಹೊಳೀತು. ಕೈ ಅಲ್ಲೇ ನಿಂತಿತ್ತು. ಮಗೂನ ಯಾರು ಸಾಕ್ತಾರೆ ಅಂದ್ಕೊಂಡೆ. ಇದು ಮಾಟದ ಕೆಲಸ, ಪಾಪ ಬರುತ್ತೆ ಅಂದ್ಕೊಂಡೆ. ಚರ್ಚಿನ ಚೀಲ ಯಾರು ನೋಡ್ಕೋತಾರೆ ಅಂತನೂ ಅಂದ್ಕೊಂಡೆ. ನಂಗೆ ಸಾಯೋಕೆ ಭಯ ಇತ್ತು, ಅಷ್ಟೇ. ಅವರಿಗೆ ಇಂಥ ಒಂದು ನೆಪನೂ ಹೊಳೀಲಿಲ್ಲ. ಅವರಿಗೆ ನಂಬಿಕೆ ಇತ್ತಾ ಅಂತ ಕೇಳ್ತೀರಲ್ಲ, ನಮ್ಮ ಮನೇಲಿ ಅದು ಇದ್ದಿದ್ದು ಅವರೊಬ್ಬರಿಗೇ."

ಪಾದ್ರಿ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ತಿರುಗಿದೆ. ಬೊರಾಮ್ ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ, ನಾನು ನೋಡಿರಲಿಲ್ಲ.

"ಅಜ್ಜಿ," ಅಂದಳು. "ಸೋಮವಾರ ನವಣೆಗೆ ಯಾರ ಹೆಸರು ಹೇಳಿದ್ರಿ?"

"ನಿಂದು."

"ಮಂಗಳವಾರ?"

ಸುಳ್ಳು ಹೇಳಬಹುದಿತ್ತು. ಮಗು, ನಂಬುತ್ತಿತ್ತು. ಜಗಲಿಯ ಜನರೂ ನನ್ನ ಪರವಾಗಿ ಸುಮ್ಮನಿರುತ್ತಿದ್ದರು.

"ಮಂಗಳವಾರವೂ ನಿಂದೇ," ಅಂದೆ.

ಅವಳು ಎದ್ದು ಒಳಗಿನ ಕೋಣೆಗೆ ಹೋಗಿ ತಾತನ ಕಾಲಿನ ಹತ್ತಿರ ಕೂತಳು. ಪಾದ್ರಿ ಹ್ವಾಂಗ್ ಕೀರ್ತನೆ ಪುಸ್ತಕ ತೆರೆದು ಎಲ್ಲರನ್ನೂ ಎದ್ದು ನಿಲ್ಲಲು ಹೇಳಿದಾಗ ನಾನು ಅವಳನ್ನು ಕರೆದೆ. ಅವಳು ಬರಲಿಲ್ಲ.